ಭೂತಕ್ಕೆ ಮಣೆ, ಜಾಂಬಿಗೆ ಬಾಗಿಲಾಚೆ

ಶಾಲೆಯಲ್ಲಿ ಮಕ್ಕಳಿಂದ ಜಾಂಬಿ ಸಿನಿಮಾದ ಆರಂಭವನ್ನು ಮಾಡಿಸಿ ಅದಕ್ಕೆ ಅಂಕ ಕೊಡುತ್ತಾರೆ ಎಂದು ಹೇಳಿದರೆ ನಮ್ಮಲ್ಲಿ ಓದಿದವರ ತುಟಿಯ ಮೇಲೆ ಒಂದು ನಗೆ ಸುಳಿಯುತ್ತದೆ. ಇದು ಆಟವೇ ಹೊರತು ಪಾಠವಲ್ಲ ಎಂಬುದು ಆ ನಗೆಯ ಮೊದಲ ಅರ್ಥ. ಆಟಗಳಲ್ಲಿಯೂ ಇದು ಕೀಳುಮಟ್ಟದ್ದು ಎಂಬುದು ಎರಡನೆಯದು. ಈ ಪದ್ಧತಿ ಬೆಳೆದ ಇಂಗ್ಲೆಂಡಿನಲ್ಲಿಯೂ ಆ ನಗೆ ಹೊಸದಲ್ಲ. ಅಲ್ಲಿ ಮಾಧ್ಯಮ ಅಧ್ಯಯನವನ್ನು ‘ಮಿಕ್ಕಿ ಮೌಸ್ ವಿಷಯ’ ಎಂದು ಬಹುಕಾಲದಿಂದ ಹಂಗಿಸುತ್ತ ಬಂದಿದ್ದಾರೆ. ನನ್ನ ವಾದ ಇದಕ್ಕೆ ತೀರ ವಿರುದ್ಧವಾದುದು. ಸಾಹಿತ್ಯದ ಪಾಠ ಏನನ್ನು ಕಲಿಸುವುದಾಗಿ ಹೇಳಿಕೊಳ್ಳುತ್ತದೆಯೋ ಅದನ್ನು ಈ ಎರಡು ನಿಮಿಷದ ಜಾಂಬಿ ಚಿತ್ರ ನಮ್ಮ ಸಾಹಿತ್ಯದ ಪ್ರಶ್ನಪತ್ರಿಕೆಗಿಂತ ಪ್ರಾಮಾಣಿಕವಾಗಿ ಕಲಿಸುತ್ತದೆ.

ನಗುವ ಮೊದಲು ಆ ಕೆಲಸ ಏನೆಂಬುದನ್ನು ತಿಳಿಯುವುದು ಒಳ್ಳೆಯದು. ಇಂಗ್ಲೆಂಡಿನ ಒ.ಸಿ.ಆರ್. ಪರೀಕ್ಷಾ ಮಂಡಳಿಯು 2008ರಿಂದ ಸುಮಾರು ಒಂದು ದಶಕ ಕಾಲ ಎ-ಲೆವೆಲ್‌ನ ಮೊದಲ ವರ್ಷದ, ಅಂದರೆ ಹದಿನಾರು ಹದಿನೇಳು ವಯಸ್ಸಿನ ಮಕ್ಕಳಿಗೆ, ಮಾಧ್ಯಮ ಅಧ್ಯಯನದಲ್ಲಿ ಒಂದು ಕೆಲಸವನ್ನು ಇಟ್ಟಿತ್ತು: ಹೊಸದೊಂದು ಕಥಾಚಿತ್ರದ ಶೀರ್ಷಿಕೆಯನ್ನೂ ಆರಂಭದ ದೃಶ್ಯವನ್ನೂ ತಯಾರಿಸಬೇಕು, ಎರಡು ನಿಮಿಷ ಮೀರಬಾರದು. ಚಿತ್ರವೂ ಧ್ವನಿಯೂ ಮಕ್ಕಳದೇ ಆಗಿರಬೇಕು. ಹಕ್ಕುಸ್ವಾಮ್ಯವಿಲ್ಲದ ಸಂಗೀತ ಮತ್ತು ಸದ್ದುಗಳಿಗೆ ಮಾತ್ರ ವಿನಾಯಿತಿ. ನೂರು ಅಂಕಗಳಲ್ಲಿ ಇಪ್ಪತ್ತು ಸಂಶೋಧನೆಗೆ ಮತ್ತು ಯೋಜನೆಗೆ, ಅರವತ್ತು ತಯಾರಿಕೆಗೆ, ಉಳಿದ ಇಪ್ಪತ್ತು ತಾವು ಮಾಡಿದ್ದನ್ನು ತಾವೇ ವಿಮರ್ಶಿಸಿಕೊಳ್ಳುವುದಕ್ಕೆ. ಕೇಂಬ್ರಿಜ್ ಇಂಟರ್‌ನ್ಯಾಷನಲ್ ಮಂಡಳಿಯ ಪಠ್ಯಕ್ರಮದಲ್ಲಿಯೂ ಇಂಥ ಚಿತ್ರಾರಂಭದ ಕೆಲಸಕ್ಕೆ ಸ್ಥಾನ ದೊರೆತಿದೆ.

ಯಾವ ಬಗೆಯ ಚಿತ್ರ ಎಂಬ ಆಯ್ಕೆ ಮಕ್ಕಳದು. ಅವರು ಮತ್ತೆ ಮತ್ತೆ ಜಾಂಬಿಯತ್ತ ಹೋಗುವುದಕ್ಕೆ ಕಾರಣ ಸರಳವಾಗಿದೆ. ಶಾಲೆಯ ಖಾಲಿ ಓಣಿ, ಹರಿದ ಹಳೆಯ ಅಂಗಿ, ಮುಖಕ್ಕೆ ಹಿಟ್ಟು, ತುಟಿಗೆ ಕೆಂಪು ಬಣ್ಣ ಇಷ್ಟಿದ್ದರೆ ಸಾಕು. ಮಾತು ಬೇಡ, ಹೆಸರಾಂತ ನಟನೂ ಬೇಡ. ಬಡವರ ಮನೆಯ ಪ್ರಕಾರ ಅದು. ಆದರೆ ಮಾಡಲು ಹೊರಟ ಮೇಲೆ ಅದರ ಕಷ್ಟ ತಿಳಿಯುತ್ತದೆ. ಹಿಟ್ಟು ಬಳಿದುಕೊಂಡ ಗೆಳೆಯ ಕೈ ಚಾಚಿ ನಡೆದು ಬಂದರೆ ನೋಡುವವರಿಗೆ ಬರುವುದು ನಗು. ಆ ನಗುವನ್ನು ಭಯವಾಗಿಸುವುದು ಹೇಗೆ ಎಂಬ ಪ್ರಶ್ನೆ ಎದುರಾದ ಗಳಿಗೆಯಲ್ಲಿ ಪಾಠ ಶುರುವಾಗುತ್ತದೆ.

ಅದಕ್ಕೂ ಮೊದಲು ಮಂಡಳಿಯು ಒಂದು ಪೂರ್ವಾಭ್ಯಾಸವನ್ನು ಕಡ್ಡಾಯ ಮಾಡಿತ್ತು. ಒಬ್ಬ ವ್ಯಕ್ತಿ ಬಾಗಿಲು ತೆರೆಯಬೇಕು, ಕೋಣೆಯನ್ನು ದಾಟಬೇಕು, ಇನ್ನೊಬ್ಬರ ಎದುರಿನ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕು, ಅವರೊಡನೆ ಒಂದೆರಡು ಮಾತಾಡಬೇಕು. ಅಷ್ಟೇ. ಅಷ್ಟರಲ್ಲಿ ಮೂರು ಸಂಗತಿಗಳನ್ನು ತೋರಿಸಿಕೊಡಬೇಕು. ಹೊರಗಿನಿಂದ ಹಿಡಿಕೆ ತಿರುಗಿಸಿದ ಕೈಯೂ ಒಳಗಿನಿಂದ ಬಾಗಿಲು ತೆರೆದ ಕೈಯೂ ಒಂದೇ ಚಲನೆಯಾಗಿ ಕೂಡಬೇಕು. ಮಾತಾಡುವವನ ಮುಖ, ಕೇಳುವವನ ಮುಖ ಸರದಿಯ ಮೇಲೆ ಬರಬೇಕು. ಇಬ್ಬರ ನಡುವಿನ ಕಾಣದ ಗೆರೆಯನ್ನು ಕ್ಯಾಮೆರಾ ದಾಟಬಾರದು. ದಾಟಿದರೆ ಎದುರುಬದುರು ಕುಳಿತವರು ತೆರೆಯ ಮೇಲೆ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತದೆ. ಇದು ಸಿನಿಮಾದ ಕಾಗುಣಿತ. ನಮ್ಮ ಶಾಲೆಗಳು ಪ್ರಬಂಧ ಬರೆಸುತ್ತವೆ. ಒಂದು ವಾಕ್ಯ ಇನ್ನೊಂದು ವಾಕ್ಯದ ಕೈಯನ್ನು ಹೇಗೆ ಹಿಡಿಯಬೇಕು ಎಂಬುದನ್ನು ಹೀಗೆ ಬಿಡಿಸಿ ಕಲಿಸಿದ ಉದಾಹರಣೆ ಎಷ್ಟಿದೆ?

ನಗುವವರು ಗೌರವದಿಂದ ಕಾಣುವ ಒಂದು ಕೃತಿಯನ್ನೇ ಈಗ ಎತ್ತಿಕೊಳ್ಳೋಣ. ‘ಹ್ಯಾಮ್ಲೆಟ್’ ಆರಂಭವಾಗುವುದು ನಡುರಾತ್ರಿಯಲ್ಲಿ, ಚಳಿಯಲ್ಲಿ, ಕೋಟೆಯ ಕಾವಲಿನಲ್ಲಿ. ಮೊದಲ ಮಾತು ಒಂದು ಪ್ರಶ್ನೆ. ಆ ಪ್ರಶ್ನೆಯನ್ನು ಕೇಳುವವನು ಕಾವಲಿನಲ್ಲಿರುವ ಫ್ರಾನ್ಸಿಸ್ಕೊ ಅಲ್ಲ, ಅವನನ್ನು ಬಿಡುಗಡೆ ಮಾಡಲು ಬಂದ ಬರ್ನಾರ್ಡೊ. ಕೇಳಬೇಕಾದವನು ಕೇಳದೆ, ಬಂದವನೇ ಬೆದರಿ ಕೇಳುತ್ತಾನೆ. ಆ ಒಂದು ತಿರುವುಮುರುವಿನಲ್ಲಿ ಇಡೀ ರಾಜ್ಯದ ಅಸ್ವಸ್ಥತೆ ಬಂದು ಕುಳಿತಿದೆ. ಅನಂತರ ಬರುವುದು ಯಾರು? ಸತ್ತ ರಾಜ, ಕವಚ ತೊಟ್ಟು ನಡೆಯುತ್ತ. ನಡೆಯುವ ಸತ್ತವನಿಂದಲೇ ಆರಂಭವಾಗುವ ಈ ನಾಟಕಕ್ಕೆ ನಾವು ಮಣೆ ಹಾಕುತ್ತೇವೆ. ಆದರೆ ಅದನ್ನು ಓದಿಸುವ ಕ್ರಮ ಎಂಥದು? ನಾನೂ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದವನು, ‘ಆರಂಭದ ದೃಶ್ಯದ ಮಹತ್ವವನ್ನು ವಿವರಿಸಿರಿ’ ಎಂಬ ಪ್ರಶ್ನೆಗೆ ಗೈಡಿನ ನಾಲ್ಕು ಅಂಶಗಳನ್ನು ಒಪ್ಪಿಸಿ ಪಾರಾಗುವ ವ್ಯವಸ್ಥೆಯನ್ನು ಬಲ್ಲೆ. ಆ ಪ್ರಶ್ನೆ ಯಾರ ಬಾಯಿಂದ ಬರಬೇಕು ಎಂದು ಆ ವಿದ್ಯಾರ್ಥಿ ತಾನೇ ಒಮ್ಮೆಯೂ ನಿರ್ಧರಿಸಿದವನಲ್ಲ. ಜಾಂಬಿ ಚಿತ್ರ ಮಾಡುವ ಹುಡುಗಿ ನಿರ್ಧರಿಸಲೇಬೇಕು: ಮೊದಲು ಕಾಣಿಸುವುದು ಹೆಣವೋ, ಹೆಣವನ್ನು ನೋಡಿದವಳ ಮುಖವೋ? ಸದ್ದು ಮೊದಲೋ, ಅದರ ಮೂಲ ಮೊದಲೋ? ಎರಡು ನಿಮಿಷದಲ್ಲಿ ಎಷ್ಟನ್ನು ಹೇಳದೆ ಉಳಿಸಬೇಕು? ಇಂಥ ಆಯ್ಕೆಗಳನ್ನು ಕೈಯಾರೆ ಮಾಡಿದವಳಿಗೆ ಬರ್ನಾರ್ಡೊನ ಪ್ರಶ್ನೆಯ ಬೆಲೆ ತಾನಾಗಿ ತಿಳಿಯುತ್ತದೆ.

ಇನ್ನು ‘ಕೀಳುಮಟ್ಟ’ದ ಮಾತು. ಜಾಂಬಿ ಎಂಬ ಕಲ್ಪನೆ ಹಾಲಿವುಡ್ಡಿನ ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ. ಅದು ಹೈಟಿ ದೇಶದ್ದು. ಆಫ್ರಿಕಾದಿಂದ ಹಿಡಿದು ತಂದು ಕಬ್ಬಿನ ತೋಟಗಳಲ್ಲಿ ದುಡಿಸಿದ ಗುಲಾಮರ ಸಂತತಿಯ ನಂಬಿಕೆಯಿಂದ ಬಂದದ್ದು. ಆ ಜಾಂಬಿ ಯಾರನ್ನೂ ತಿನ್ನುವುದಿಲ್ಲ. ಸತ್ತ ಮೇಲೂ ಬಿಡುಗಡೆಯಿಲ್ಲದೆ, ಸ್ವಂತ ಇಚ್ಛೆಯಿಲ್ಲದೆ, ಒಡೆಯನಿಗಾಗಿ ಗೇಯುವ ದೇಹ ಅದು. ಗುಲಾಮಗಿರಿಯನ್ನು ಇದಕ್ಕಿಂತ ನಿಷ್ಠುರವಾಗಿ ಹೇಳಿದ ಪ್ರತಿಮೆ ಸಿಗುವುದು ಕಷ್ಟ. 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯನ್ನು ಆಕ್ರಮಿಸಿಕೊಂಡಿತ್ತು. ಆ ಅವಧಿಯಲ್ಲಿಯೇ, 1929ರಲ್ಲಿ, ವಿಲಿಯಂ ಸೀಬ್ರೂಕ್‌ನ ಪ್ರವಾಸಕಥನ ಈ ಕಲ್ಪನೆಯನ್ನು ಅಮೆರಿಕದ ಓದುಗರಿಗೆ ಮುಟ್ಟಿಸಿತು. 1932ರಲ್ಲಿ ‘ವೈಟ್ ಜಾಂಬಿ’ ಚಿತ್ರ ಬಂತು. ಅದರಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ಜಾಂಬಿಗಳು ದುಡಿಯುವ ದೃಶ್ಯವಿದೆ.

1968ರಲ್ಲಿ ಜಾರ್ಜ್ ರೊಮೆರೊ ಮಾಡಿದ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಈ ಪ್ರಕಾರಕ್ಕೆ ಇಂದಿನ ರೂಪ ಕೊಟ್ಟಿತು. ಅದರ ಆರಂಭವನ್ನು ಯಾವ ಕಾವ್ಯಮೀಮಾಂಸಕನಾದರೂ ಮೆಚ್ಚಬೇಕು. ಅಣ್ಣ ತಂಗಿ ತಂದೆಯ ಸಮಾಧಿಗೆ ಹೂಮಾಲೆ ಇಡಲು ಬಂದಿದ್ದಾರೆ. ದೂರದಲ್ಲಿ ಯಾರೋ ಒಬ್ಬ ನಡೆಯುತ್ತಿದ್ದಾನೆ. ಅಣ್ಣ ತಂಗಿಯನ್ನು ಹೆದರಿಸಿ ರೇಗಿಸುತ್ತಾನೆ. ಆ ರೇಗಿಸಿದ ಮಾತೇ ನಿಜವಾಗುತ್ತದೆ. ಚಿತ್ರದ ನಾಯಕನಾಗಿ ಕರಿಯ ನಟ ಡ್ವೇನ್ ಜೋನ್ಸ್ ಇದ್ದಾನೆ. ರಾತ್ರಿಯೆಲ್ಲ ಹೆಣಗಳೊಡನೆ ಹೋರಾಡಿ ಬದುಕಿದ ಅವನನ್ನು ಬೆಳಗಾದ ಮೇಲೆ ಕೊಲ್ಲುವವರು ಬಂದೂಕು ಹಿಡಿದ ಬದುಕಿರುವ ಬಿಳಿಯರು. 1968ರ ಅಮೆರಿಕದಲ್ಲಿ ಆ ಅಂತ್ಯ ಏನನ್ನು ಹೇಳಿತೆಂದು ವಿವರಿಸಬೇಕಾಗಿಲ್ಲ. 2002ರ ‘ಟ್ವೆಂಟಿ ಏಟ್ ಡೇಸ್ ಲೇಟರ್’ ಚಿತ್ರದಲ್ಲಿ ಸತ್ತವರು ಎದ್ದು ಬರುವುದಿಲ್ಲ. ಅಲ್ಲಿರುವುದು ಒಂದು ಸೋಂಕು, ಅದರ ಹೆಸರೇ ಕ್ರೋಧ. 2004ರ ‘ಶಾನ್ ಆಫ್ ದ ಡೆಡ್’ ಚಿತ್ರದ ಶೀರ್ಷಿಕೆಗಳ ಹಿಂದೆ ಲಂಡನ್ನಿನ ಸಾಮಾನ್ಯ ಜನ ಜಾಂಬಿಗಳು ಬರುವ ಮೊದಲೇ ಜಾಂಬಿಗಳಂತೆ ನಡೆಯುತ್ತಿರುತ್ತಾರೆ. ಇವೆಲ್ಲ ಆರಂಭಗಳೇ. ಇವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಯಾವ ಶಾಟ್ ಎಷ್ಟು ಹೊತ್ತು ನಿಂತಿದೆ ಎಂದು ಬರೆದುಕೊಳ್ಳುವುದು ಮಕ್ಕಳ ಸಂಶೋಧನೆಯ ಭಾಗ.

ಕನ್ನಡ ಓದಿದವರಿಗಂತೂ ಈ ವಸ್ತುವಿನ ಬಗ್ಗೆ ಮೂಗು ಮುರಿಯುವ ಹಕ್ಕಿಲ್ಲ. ರನ್ನನ ದುರ್ಯೋಧನ ಸಂಜಯನೊಡನೆ ರಣರಂಗವನ್ನು ಹಾದು ಹೋಗುವ ಭಾಗವನ್ನು ನೆನೆಯಿರಿ. ಹೆಣಗಳ ನಡುವೆ ದಾರಿ ಹುಡುಕುತ್ತ, ಮರುಳುಗಳ ಅಣಕವನ್ನು ಕೇಳುತ್ತ, ದ್ರೋಣನನ್ನು, ಅಭಿಮನ್ಯುವನ್ನು, ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರಾಗಿ ಕಾಣುತ್ತ ಅವನು ನಡೆಯುತ್ತಾನೆ. ಅದನ್ನು ನಾವು ಬೀಭತ್ಸವೆಂದೂ ಕರುಣವೆಂದೂ ಕರೆದು ತಲೆದೂಗುತ್ತೇವೆ. ಹತ್ತನೆಯ ಶತಮಾನದ ಮರುಳಿಗೆ ಸಲ್ಲುವ ಮರ್ಯಾದೆ ಹದಿನಾರರ ಹುಡುಗ ಕಟ್ಟಿದ ಮರುಳಿಗೆ ಯಾಕೆ ಸಲ್ಲಬಾರದು? ರನ್ನನ ಮಟ್ಟಕ್ಕೆ ಅವನು ಏರಿದ್ದಾನೆಂದು ಯಾರೂ ಹೇಳುತ್ತಿಲ್ಲ. ರನ್ನನನ್ನು ಓದುವ ಹಾದಿಗೆ ಅವನು ಬಂದಿದ್ದಾನೆ ಎಂಬುದಷ್ಟೇ ನನ್ನ ಮಾತು.

ಗಂಭೀರವಾದ ಆಕ್ಷೇಪವೊಂದಿದೆ; ಅದನ್ನು ಮರೆಮಾಚಬಾರದು. ಈ ಚಿತ್ರಗಳಲ್ಲಿ ಬಹುಪಾಲು ಒಂದನ್ನೊಂದು ಹೋಲುತ್ತವೆ: ಒಂಟಿ ಹುಡುಗಿ, ಸಿಗ್ನಲ್ ಸಿಗದ ಫೋನು, ರೇಡಿಯೊದಲ್ಲಿ ಅರ್ಧಕ್ಕೆ ನಿಂತ ವಾರ್ತೆ, ಬಾಗಿಲ ಮೇಲೆ ರಕ್ತದ ಕೈಗುರುತು. ಇದು ನಕಲಲ್ಲವೇ? ಹೌದು, ನಕಲೇ. ಆದರೆ ಅಷ್ಟಾದಶ ವರ್ಣನೆಗಳನ್ನು ಮಹಾಕಾವ್ಯದ ಲಕ್ಷಣವೆಂದು ಒಪ್ಪಿಕೊಂಡ ಪರಂಪರೆಯವರು ನಾವು. ನಗರ, ಸಮುದ್ರ, ಋತು, ಚಂದ್ರೋದಯಗಳನ್ನು ಎಲ್ಲ ಕವಿಗಳೂ ವರ್ಣಿಸಿದರು. ಯಾರು ಅದೇ ಚಂದ್ರನಲ್ಲಿ ಬೇರೇನನ್ನೋ ಕಂಡರು ಎಂಬುದರ ಮೇಲೆ ಅವರ ಶಕ್ತಿಯನ್ನು ಅಳೆದೆವು. ಕೊನೆಯ ಇಪ್ಪತ್ತು ಅಂಕಗಳ ಮೊದಲ ಪ್ರಶ್ನೆಯೂ ಇದೇ: ಈ ಪ್ರಕಾರದ ರೂಢಿಗಳನ್ನು ನೀವು ಎಲ್ಲಿ ಬಳಸಿದಿರಿ, ಎಲ್ಲಿ ಬೆಳೆಸಿದಿರಿ, ಎಲ್ಲಿ ಪ್ರಶ್ನಿಸಿದಿರಿ? ನಕಲು ಮಾಡಿದವನು ನಕಲೆಂದು ತಿಳಿದು ಮಾಡಬೇಕಾಗುತ್ತದೆ. ಗೈಡಿನ ಉತ್ತರವನ್ನು ಬರೆಯುವವನಿಗೆ ಆ ತಿಳಿವಳಿಕೆಯೂ ಬೇಕಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಇರಿಯುವಂಥದು: ನಿಮ್ಮ ಚಿತ್ರ ಸಮಾಜದ ಯಾವ ಗುಂಪನ್ನು ಹೇಗೆ ಚಿತ್ರಿಸಿದೆ? ಮೊದಲ ಜಾಂಬಿಗೆ ಹರಕು ಬಟ್ಟೆ ತೊಡಿಸಿ ಬೀದಿಯ ಮೂಲೆಯಲ್ಲಿ ಕೂರಿಸಿದ ಹುಡುಗ ಈಗ ಉತ್ತರಿಸಬೇಕು. ಮನೆಯಿಲ್ಲದವನೇ ಯಾಕೆ? ಕೋಟು ತೊಟ್ಟ ಬ್ಯಾಂಕಿನ ಅಧಿಕಾರಿ ಯಾಕಲ್ಲ? ಓಡುವಾಗ ಎಡವಿ ಬೀಳುವುದು ಯಾವಾಗಲೂ ಹುಡುಗಿಯೇ ಯಾಕೆ? ನಾವು ಯಾರನ್ನು ಕಂಡು ಅಸಹ್ಯಪಡುತ್ತೇವೆ ಎಂಬುದನ್ನು ನಮ್ಮ ಕೈಕೆಲಸವೇ ನಮಗೆ ತೋರಿಸಿಕೊಡುತ್ತದೆ. ನೀತಿಪಾಠದ ಪುಸ್ತಕ ನಲವತ್ತು ಪುಟಗಳಲ್ಲಿ ಮಾಡಲಾಗದ ಕೆಲಸ ಇದು.

ಈಗ ನಮ್ಮ ಮನೆಯಂಗಳಕ್ಕೆ ಬರುತ್ತೇನೆ. ಪುಣೆ, ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವ ಬಂದಾಗ ಮಕ್ಕಳಿಂದ ಏನು ಮಾಡಿಸುತ್ತೇವೆ? ಕವಿತೆಯನ್ನು ನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತೇವೆ. ಮಗು ವೇದಿಕೆಯ ಮೇಲೆ ನಿಂತು ಅರ್ಥ ತಿಳಿಯದೆ ಒಪ್ಪಿಸುತ್ತದೆ. ನಾವು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತೇವೆ. ಆ ಮಗುವಿನ ಬಾಯಲ್ಲಿ ಚಲಿಸಿದ್ದು ನಮ್ಮ ಇಚ್ಛೆ. ಅದರ ಸ್ವಂತದ್ದು ಒಂದು ಮಾತೂ ಇರಲಿಲ್ಲ. ಹೈಟಿಯವರು ಜಾಂಬಿ ಎಂದದ್ದು ಇಂಥದನ್ನೇ.

ಹೊರನಾಡಿನ ನಮ್ಮ ಅನೇಕ ಮಕ್ಕಳಿಗೆ ಕನ್ನಡ ಕಿವಿಯ ಭಾಷೆ, ಕಣ್ಣಿನ ಭಾಷೆಯಲ್ಲ. ಓದು ಬರಹ ಬರುವುದಿಲ್ಲ. ಅಜ್ಜಿ ಬೈದರೆ ಅರ್ಥವಾಗುತ್ತದೆ. ಅವರ ಬಳಿ ಇರುವ ಆ ಕನ್ನಡಕ್ಕೆ ನಮ್ಮ ಸ್ಪರ್ಧೆಗಳಲ್ಲಿ ಜಾಗವಿಲ್ಲ. ಎರಡು ನಿಮಿಷದ ಚಿತ್ರದಲ್ಲಿ ಇದೆ. ಹೌಸಿಂಗ್ ಸೊಸೈಟಿಯ ಲಿಫ್ಟಿನ ಬಾಗಿಲು ತೆರೆದು ಒಳಗೆ ಯಾರೋ ಗೋಡೆಗೆ ಮುಖ ಮಾಡಿ ನಿಂತಿದ್ದರೆ, ತರಕಾರಿ ಚೀಲ ಹಿಡಿದ ಅಜ್ಜಿ ಏನೆನ್ನುತ್ತಾಳೆ? ‘ಯಾವ ಮಹಡಿಗಪ್ಪಾ?’ ಎನ್ನುತ್ತಾಳೋ, ‘ಯಾಂವಲೇ ಅಂವಾ, ತಿರುಗಿ ನೋಡು’ ಎನ್ನುತ್ತಾಳೋ? ಮೊದಲನೆಯದು ಮೈಸೂರಿನ ಕಡೆಯ ಅಜ್ಜಿ, ಎರಡನೆಯವಳು ಧಾರವಾಡದ ಕಡೆಯವಳು. ಇವರಲ್ಲಿ ಯಾರು ಹೆಚ್ಚು ಹೊತ್ತು ಬದುಕುತ್ತಾರೆ ಎಂದು ನಾಲ್ಕು ಮಕ್ಕಳು ಕುಳಿತು ಜಗಳವಾಡಿದರೆ, ಆ ಜಗಳದಷ್ಟು ಕನ್ನಡದ ಪಾಠ ನಾವು ಏರ್ಪಡಿಸುವ ಯಾವ ಶಿಬಿರದಲ್ಲಿಯೂ ನಡೆಯುವುದಿಲ್ಲ.

ಆದ್ದರಿಂದ ನಮ್ಮ ಬಳಗಗಳ ಮುಂದೆ ನನ್ನ ಬೇಡಿಕೆ ಇಷ್ಟು. ಬರುವ ನವೆಂಬರಿನಲ್ಲಿ ಕಂಠಪಾಠ ಸ್ಪರ್ಧೆಯ ಅರ್ಧ ಸಮಯವನ್ನು ಇದಕ್ಕೆ ಬಿಟ್ಟುಕೊಡಿ. ನಾಲ್ವರ ಗುಂಪು, ಎರಡು ನಿಮಿಷದ ಚಿತ್ರ, ಮನೆಯಲ್ಲಿರುವ ಫೋನು. ಚಿತ್ರ, ಧ್ವನಿ, ಮಾತು ಎಲ್ಲವೂ ಮಕ್ಕಳದೇ. ತಂದೆತಾಯಿ ಸಂಭಾಷಣೆ ಬರೆದುಕೊಡಕೂಡದು. ಜಾಂಬಿಯೇ ಬೇಕೆಂದಿಲ್ಲ, ಬಂದರೆ ತಡೆಯಬೇಡಿ. ಪ್ರದರ್ಶನ ಮುಗಿದ ಮೇಲೆ ಚಪ್ಪಾಳೆಗೆ ಮೊದಲು ಆ ಎರಡು ಪ್ರಶ್ನೆಗಳನ್ನು ಕೇಳಿ: ರೂಢಿಯನ್ನು ಎಲ್ಲಿ ಮುರಿದಿರಿ? ಯಾರನ್ನು ಹೆಣ ಮಾಡಿದಿರಿ, ಯಾಕೆ? ಉತ್ತರ ತೊದಲು ಕನ್ನಡದಲ್ಲಿ ಬರಲಿ, ನಡುವೆ ಮರಾಠಿಯೋ ತಮಿಳೋ ಹಿಂದಿಯೋ ಸೇರಲಿ. ತಿದ್ದಲು ಹೋಗದೆ ಕೊನೆಯವರೆಗೆ ಕೇಳಿಸಿಕೊಳ್ಳಿ.