ಹನ್ನೆರಡು ತಂತಿಗಳ ಭಾರ

ಹನ್ನೆರಡು ತಂತಿಗಳ ಗಿಟಾರನ್ನು ಮೊದಲ ಸಲ ಕೇಳಿದವರು ಮರುಳಾಗುವುದು ಸಹಜ. ತಂಬೂರಿಯ ನಾದಕ್ಕೆ ಕಿವಿಗೊಟ್ಟು ಬೆಳೆದ ನಮಗಂತೂ, ಒಂದೇ ಮೀಟಿಗೆ ಎರಡು ತಂತಿಗಳು ನುಡಿದು, ಅವುಗಳ ನಡುವಣ ಕೂದಲೆಳೆಯಷ್ಟು ಅಂತರವೇ ಅಲೆಯಲೆಯಾಗಿ ಮಿನುಗುವ ಆ ಧ್ವನಿ ಅಪರಿಚಿತವೆನಿಸುವುದೇ ಇಲ್ಲ. ಆದರೆ ಮರುಳಾದ ಕಿವಿಯು ಅಂಗಡಿಗೆ ಹೊರಟಾಗ ಕಣ್ಣನ್ನೂ ಕೈಯನ್ನೂ ಮನೆಯಲ್ಲಿಯೇ ಬಿಟ್ಟು ಹೋಗುತ್ತದೆ. ಹಾಗೆ ಹೋದವರಲ್ಲಿ ನಾನೂ ಒಬ್ಬ.

ಒಂದು ವರ್ಷ ಕೂಡಿಟ್ಟ ಹಣವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅಂಗಡಿಯಾತ ಶ್ರುತಿ ಮಾಡಿ ನುಡಿಸಿ ತೋರಿಸಿದ. ಕನ್ನಡಿಯಂತೆ ಹೊಳೆಯುವ ಮೆರುಗು, ನಾದರಂಧ್ರದ ಸುತ್ತ ಮುತ್ತಿನ ಚಿಪ್ಪಿನ ಅಲಂಕಾರ, ಇನ್ನೇನು ಬೇಕು? ಮೂರು ತಿಂಗಳಲ್ಲಿ ಮುಖಹಲಗೆ ಬಸುರಿಯ ಹೊಟ್ಟೆಯಂತೆ ಉಬ್ಬಿತು. ತಂತಿಗಳು ಮೇಲೆದ್ದು, ಅವುಗಳನ್ನು ಒತ್ತಿದ ಬೆರಳ ತುದಿಗಳು ಹರಿದುವು. ಆರನೆಯ ತಿಂಗಳ ಒಂದು ನಡುರಾತ್ರಿ ಮನೆಯವರೆಲ್ಲ ಬೆಚ್ಚಿಬೀಳುವಂತೆ ಸದ್ದು ಮಾಡಿ ಬ್ರಿಜ್ಜು ಕಿತ್ತುಬಂತು. ಬ್ರಿಜ್ಜೆಂದರೆ ವೀಣೆಯ ಕುದುರೆಯಿರುವ ಎಡೆಯಲ್ಲಿ, ತಂತಿಗಳನ್ನು ಹಿಡಿದಿಡಲು ಹಲಗೆಗೆ ಅಂಟಿಸಿರುವ ಮರದ ತುಂಡು. ಕಳ್ಳ ಬಂದನೆಂದು ದೊಣ್ಣೆ ಹಿಡಿದು ಎದ್ದವರೂ ಇದ್ದರು.

ಕಾರಣ ಸರಳವಾದುದು. ಆರು ತಂತಿಗಳ ಸಾಮಾನ್ಯ ಗಿಟಾರಿನ ಮೇಲೆ ಸುಮಾರು 70 ಕಿಲೋಗ್ರಾಂ ತೂಕದಷ್ಟು ಎಳೆತ ಬಿದ್ದರೆ, ಹನ್ನೆರಡು ತಂತಿಗಳದರ ಮೇಲೆ ಅದು 100 ಕಿಲೋಗ್ರಾಂ ಮೀರುತ್ತದೆ. ದೊಡ್ಡ ಅಕ್ಕಿಯ ಮೂಟೆಯೊಂದನ್ನು ಹಗಲೂ ರಾತ್ರಿ ತೆಳುಹಲಗೆಯೊಂದಕ್ಕೆ ಜೋತುಹಾಕಿದಂತೆ. ಆದುದರಿಂದ ಕಡಿಮೆ ಹಣದಲ್ಲಿ ಈ ವಾದ್ಯವನ್ನು ಕೊಳ್ಳುವಾತನು ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಎಷ್ಟು ಇಂಪಾಗಿದೆ?’ ಎಂಬುದಲ್ಲ, ‘ಇದು ಎಷ್ಟು ಹೊರಬಲ್ಲುದು?’ ಎಂಬುದು.

ಅಗ್ಗದ ವಾದ್ಯವೆಂದರೆ ಕೀಳು ವಾದ್ಯವೆಂದು ಇದರರ್ಥವಲ್ಲ. ಅಮೆರಿಕದ ಹ್ಯೂಡಿ ಲೆಡ್‌ಬೆಟರ್ ಎಂಬ ನೀಗ್ರೋ ಗಾಯಕನನ್ನು, ಲೆಡ್ ಬೆಲ್ಲಿ ಎಂದು ಜನ ಕರೆದಾತನನ್ನು, ನೆನೆಯದೆ ಈ ಗಿಟಾರಿನ ಮಾತನ್ನು ಮುಗಿಸುವಂತಿಲ್ಲ. 1933ರಲ್ಲಿ ಲೂಸಿಯಾನದ ಅಂಗೋಲಾ ಸೆರೆಮನೆಯಲ್ಲಿ ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಅಲನ್ ಆತನ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಆತನ ಹೆಸರಿನೊಡನೆ ಹೊಂದಿಕೊಂಡಿರುವ ಸ್ಟೆಲ್ಲಾ ಗಿಟಾರು ಸಾಮಾನ್ಯರಿಗಾಗಿ ಮಾಡಿದ ಅಗ್ಗದ ಸರಕು. ಆದರೆ ಅದರಲ್ಲಿ ಎರಡು ಗುಟ್ಟುಗಳಿದ್ದುವು. ತಂತಿಗಳ ಬುಡವನ್ನು ಬ್ರಿಜ್ಜಿಗೆ ಕಟ್ಟದೆ, ಹಿಂದಣ ಅಂಚಿನ ಲೋಹದ ಪಟ್ಟಿಗೆ ಬಿಗಿಯಲಾಗಿತ್ತು; ಮೇಲಾಗಿ ಲೆಡ್ ಬೆಲ್ಲಿ ವಾಡಿಕೆಯ ಶ್ರುತಿಗಿಂತ ಬಹಳ ಕೆಳಗೆ ಇಳಿಸಿಯೇ ನುಡಿಸುತ್ತಿದ್ದ. ಆತನ ಮಂದ್ರದ ಆ ಗುಡುಗಿಗೆ ಇಳಿಸಿದ ಶ್ರುತಿಯೇ ಕಾರಣ.

ಎರಡನೆಯ ಗುಟ್ಟು ನಮಗೂ ಸಲ್ಲುತ್ತದೆ. ಒಂದು ಪೂರ್ಣ ಸ್ವರದಷ್ಟು ಕೆಳಗೆ ಶ್ರುತಿ ಮಾಡಿದರೆ ಎಳೆತದ ಐದರಲ್ಲೊಂದು ಪಾಲು ಇಳಿಯುತ್ತದೆ. ಮೂಲ ಶ್ರುತಿಯೇ ಬೇಕಾದಾಗ ಎರಡನೆಯ ಫ್ರೆಟ್ಟಿನಲ್ಲಿ, ಎಂದರೆ ಎರಡನೆಯ ಮೆಟ್ಟಿಲಿನಲ್ಲಿ, ಕೇಪೋ ಎಂಬ ಹಿಡಿಕೆಯನ್ನು ಹಾಕಿಕೊಂಡರಾಯಿತು. ಇದಕ್ಕೆ ನಾಚಬೇಕಾದುದಿಲ್ಲ.

ಇನ್ನು ಅಂಗಡಿಯ ಮಾತು. ಮೊದಲು ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಂದೂಕಿನ ಗುರಿ ನೋಡುವಂತೆ, ಕುತ್ತಿಗೆಯುದ್ದಕ್ಕೂ ನೋಡಿರಿ; ತಿರುಚು ಕಂಡರೆ ಅಲ್ಲಿಯೇ ಕೆಳಗಿಡಿರಿ. ಒಂದು ತಂತಿಯನ್ನು ಮೊದಲನೆಯ ಮೆಟ್ಟಿಲಿನಲ್ಲಿಯೂ, ಕುತ್ತಿಗೆ ಒಡಲಿಗೆ ಕೂಡುವಲ್ಲಿಯೂ ಒಟ್ಟಿಗೆ ಒತ್ತಿದರೆ, ಏಳನೆಯ ಮೆಟ್ಟಿಲಿನ ಬಳಿ ಅಂಚೆಕಾರ್ಡಿನ ದಪ್ಪಕ್ಕಿಂತ ಹೆಚ್ಚು ಸಂದು ಉಳಿಯಬಾರದು. ಉಳಿದರೂ ಗಾಬರಿಯಿಲ್ಲ, ಕುತ್ತಿಗೆಯೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ಸರಿಪಡಿಸಬಹುದು. ಸರಿಪಡಿಸಲು ದುಬಾರಿಯಾದುದು ಬೇರೆ. ಉದ್ದನೆಯ ಅಡಿಕೋಲನ್ನು ಮೆಟ್ಟಿಲುಗಳ ಮೇಲಿಟ್ಟು ಮುಂದಕ್ಕೆ ಸರಿಸಿದಾಗ ಅದರ ತುದಿ ಬ್ರಿಜ್ಜಿನ ನೆತ್ತಿಯನ್ನು ಸವರಿಕೊಂಡು ಹೋಗಬೇಕು. ಬ್ರಿಜ್ಜಿನ ಎದೆಗೆ ಡಿಕ್ಕಿ ಹೊಡೆದರೆ ಕುತ್ತಿಗೆಯ ಕೋನವೇ ಕೆಟ್ಟಿದೆಯೆಂದು ತಿಳಿಯಿರಿ. ಅಗ್ಗದ ವಾದ್ಯದಲ್ಲಿ ಆ ದುರಸ್ತಿಗೆ ವಾದ್ಯದ ಬೆಲೆಯೂ ಸಾಲದು. ಹಳೆಯ ವಾದ್ಯವನ್ನು ಕೊಳ್ಳುವವರಂತೂ ಅಡಿಕೋಲಿಲ್ಲದೆ ಮನೆಯಿಂದ ಹೊರಡಕೂಡದು.

ಬ್ರಿಜ್ಜಿನ ಹಿಂಬದಿಯ ಅಂಚಿನಡಿ ತೆಳುಕಾಗದವೊಂದನ್ನು ತೂರಿಸಿ ನೋಡಿರಿ. ಕಾಗದ ಒಳಗೆ ಹೋದರೆ ನೀವು ಹೊರಗೆ ಬನ್ನಿರಿ. ಹಲಗೆಯ ಅಲ್ಪಸ್ವಲ್ಪ ಉಬ್ಬು ಈ ಜಾತಿಗೆ ಸಹಜವಾದುದು, ಆದರೆ ಬ್ರಿಜ್ಜು ಮುಂದಕ್ಕೆ ವಾಲಿರಬಾರದು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯ ಎತ್ತರ ಎರಡು, ಎರಡೂವರೆ ಮಿಲಿಮೀಟರಿನ ಆಸುಪಾಸಿನಲ್ಲಿರಲಿ. ಕುತ್ತಿಗೆಯ ತಲೆಯ ಕಡೆಯ ಅಗಲ ಆರು ತಂತಿಯದರಲ್ಲಿ ಸಾಮಾನ್ಯವಾಗಿ 43 ಮಿಲಿಮೀಟರಿದ್ದರೆ ಇದರಲ್ಲಿ 46ರಿಂದ 48. ಸಣ್ಣ ಕೈಯವರು ಕೊಳ್ಳುವ ಮುನ್ನ ಹಿಡಿದು ನೋಡುವುದು ಕ್ಷೇಮ.

ಇಷ್ಟಾದ ಮೇಲೆ ನುಡಿಸಿರಿ. ದಪ್ಪ ತಂತಿಗಳ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಮೂಲ ಸ್ಥಾಯಿಯದು, ಜೊತೆಯದು ಮೇಲಿನ ಸ್ಥಾಯಿಯದು. ಉಳಿದೆರಡು ಜೋಡಿಗಳು ಸಮಶ್ರುತಿಯವು. ಪ್ರತಿಯೊಂದು ತಂತಿಯನ್ನೂ ಬಿಡಿಯಾಗಿ, ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿ, ತೆರೆದ ತಂತಿಯ ಮೇಲ್ಷಡ್ಜಕ್ಕೆ ಸರಿಹೊಂದುವುದೇ ಎಂದು ಕೇಳಬೇಕು. ಒಂದು ತಂತಿ ಸುಳ್ಳಾಡಿದರೂ ಜೋಡಿಯೆಲ್ಲ ಕೆಡುತ್ತದೆ. ಕೀಲುಗಳನ್ನೂ ಹನ್ನೆರಡನ್ನೂ ತಿರುಗಿಸಿ ನೋಡಿರಿ, ಅಂಗಡಿಯಾತ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮರದ ವಿಚಾರದಲ್ಲಿ ಒಂದೇ ಮಾತು. ಹಣ ಕೊಂಚವೇ ಇದ್ದಾಗ ಅದನ್ನು ಮುಖಹಲಗೆಯ ಮೇಲೆ ವೆಚ್ಚಮಾಡಿ. ಬೆನ್ನೂ ಪಕ್ಕಗಳೂ ಪದರಹಲಗೆಯವಾದರೆ ಚಿಂತೆಯಿಲ್ಲ. ಯಮಹಾದ ಎಫ್‌ಜಿ 820-12ರಂತಹ ಸರಳ ವಾದ್ಯದಲ್ಲಿ ಮುಖಹಲಗೆ ಸ್ಪ್ರೂಸ್ ಎಂಬ ಇಡಿಮರದ್ದು. ಅಲಂಕಾರ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಇಡಿಮರವು ಹವೆಗೆ ಸ್ಪಂದಿಸುತ್ತದೆ. ಕರಾವಳಿಯ ಮಳೆಗಾಲದಲ್ಲಿ ಉಬ್ಬುತ್ತದೆ, ಕಲಬುರಗಿಯ ಬೇಸಗೆಯಲ್ಲಿ ಬಿರಿಯಲೂ ಬಹುದು. ಪೆಟ್ಟಿಗೆಯಿಲ್ಲದೆ ಅದನ್ನು ಗೋಡೆಗೆ ತೂಗುಹಾಕುವವರು ಪದರಹಲಗೆಯದನ್ನೇ ಕೊಂಡು ಸುಖವಾಗಿರಬಹುದು. ಕೈಯಲ್ಲಿರುವ ಹಣವನ್ನೆಲ್ಲ ವಾದ್ಯಕ್ಕೇ ಸುರಿಯದೆ, ಪೆಟ್ಟಿಗೆಗೂ ಹೊಸ ತಂತಿಗಳಿಗೂ ಬಲ್ಲವನಿಂದ ಒಮ್ಮೆ ಹದಮಾಡಿಸುವುದಕ್ಕೂ ಒಂದು ಪಾಲನ್ನು ಉಳಿಸಿಕೊಳ್ಳಬೇಕು. ಮೂರನೆಯ ಜೋಡಿಯ ಮೇಲ್ಸ್ಥಾಯಿಯ ತಂತಿ ಎಲ್ಲಕ್ಕಿಂತ ತೆಳು, ಎಲ್ಲಕ್ಕಿಂತ ಮೊದಲು ತುಂಡಾಗುವುದು ಅದೇ. ಬಿಡಿಯಾಗಿ ಎರಡು ಹೆಚ್ಚಿಗೆ ತಂದಿಡಿ.

ಇಷ್ಟಕ್ಕೂ ಹಣ ಸಾಲದಿದ್ದರೆ? ಕೆಟ್ಟ ಹನ್ನೆರಡಕ್ಕಿಂತ ಒಳ್ಳೆಯ ಆರೇ ಮೇಲು. ಹನ್ನೆರಡು ತಂತಿಗಳ ಒಂದು ಕಟ್ಟನ್ನು ಕೊಂಡು, ಅದರ ತೆಳು ತಂತಿಗಳಾರನ್ನು ಮಾತ್ರ ಗೆಳೆಯನ ಹಳೆಯ ಗಿಟಾರಿಗೆ ಕಟ್ಟಿಸಿರಿ. ಅಮೆರಿಕದ ನ್ಯಾಷ್‌ವಿಲ್ ಊರಿನ ಹೆಸರು ಅಂಟಿಕೊಂಡಿರುವ ಉಪಾಯವಿದು. ನೀವಿಬ್ಬರೂ ಒಟ್ಟಿಗೆ ನುಡಿಸಿದರೆ ಹನ್ನೆರಡು ತಂತಿಗಳ ಆ ಮಿನುಗು ಬಹುಮಟ್ಟಿಗೆ ಕೈಗೂಡುತ್ತದೆ. ಬ್ರಿಜ್ಜು ಕಿತ್ತ ನನ್ನ ಗಿಟಾರಿಗೂ ಅಂಟು ಹಾಕಿಸಿ ಹೀಗೆಯೇ ಆರು ತೆಳು ತಂತಿಗಳನ್ನು ಕಟ್ಟಿದ್ದೇನೆ. ಎಳೆತ ಅರ್ಧದಷ್ಟಾಗಿದೆ, ಉಬ್ಬಿದ ಹೊಟ್ಟೆ ಇಳಿಯಲಿಲ್ಲವಾದರೂ ಆಮೇಲೆ ಬೆಳೆದಿಲ್ಲ. ಪಕ್ಕದ ಮನೆಯ ಹುಡುಗ ತನ್ನ ಆರು ತಂತಿಯದನ್ನು ತಂದ ಸಂಜೆಗಳಲ್ಲಿ ಅದು ಇಂದಿಗೂ ನುಡಿಯುತ್ತದೆ.