ಕೇಕಿನಲ್ಲಿ ಉಳಿಯುವ ಮದ್ಯ

ಈ ತಿಂಗಳು ಪರದೇಶದ ಭಕ್ಷ್ಯವೊಂದನ್ನು ಕುರಿತು ವಾಚಕರಲ್ಲಿ ನಾಲ್ಕು ಮಾತು. ಜರ್ಮನಿಯ ಗೃಹಿಣಿಯರು, ವಿಶೇಷವಾಗಿ ಈಸ್ಟರ್ ಹಬ್ಬದಲ್ಲಿ, ಮನೆಯಲ್ಲಿಯೇ ಮಾಡುವ ಕೇಕಿಗೆ ‘ಐಯರ್‌ಲಿಕೋರ್’ ಎಂಬುದನ್ನು ಬೆರೆಸುವರು. ಮೊಟ್ಟೆಯ ಹಳದಿ, ಸಕ್ಕರೆ, ಮದ್ಯಸಾರ ಇವು ಕೂಡಿದ ಮಂದವಾದ ಪಾನೀಯವಿದು. ಐರೋಪ್ಯ ಒಕ್ಕೂಟದ ನಿಯಮದಂತೆ ಇದರಲ್ಲಿ ನೂರಕ್ಕೆ 14 ಭಾಗಕ್ಕೆ ಕಡಮೆಯಿಲ್ಲದಷ್ಟು ಮದ್ಯಸಾರವಿರತಕ್ಕದ್ದು.

5 ಮೊಟ್ಟೆಗಳನ್ನೂ 250 ಗ್ರಾಂ ಸಕ್ಕರೆಪುಡಿಯನ್ನೂ ನೊರೆಯೇಳುವಂತೆ ಕಡೆದು, ಕಾಲು ಲೀಟರು ಎಣ್ಣೆಯನ್ನೂ ಅಷ್ಟೇ ಐಯರ್‌ಲಿಕೋರನ್ನೂ ಸಣ್ಣ ಧಾರೆಯಾಗಿ ಹೊಯ್ಯುವರು. ಅನಂತರ ಮೈದಾ, ಜೋಳದ ಪಿಷ್ಟ ತಲಾ 125 ಗ್ರಾಂ, ಸ್ವಲ್ಪ ಬೇಕಿಂಗ್ ಪೌಡರ್ ಸೇರಿಸಿ, ಅಚ್ಚಿನಲ್ಲಿಟ್ಟು, ಸುಮಾರು 175 ಡಿಗ್ರಿ ಸೆಂಟಿಗ್ರೇಡ್ ಶಾಖದ ಓವನ್ನಿನಲ್ಲಿ ಒಂದು ಗಂಟೆ ಬೇಯಿಸುವರು. ಪುಟ್ಟ ಕಪ್ ಕೇಕುಗಳಿಗೆ 20 ನಿಮಿಷಗಳಷ್ಟು ಸಾಕು.

ಮದ್ಯಸಾರವು 78 ಡಿಗ್ರಿಯಲ್ಲಿಯೇ ಕುದಿಯುವುದಷ್ಟೆ. ಆದುದರಿಂದ ಬೇಯುವಾಗ ಅದು ಪೂರ್ತಿಯಾಗಿ ಹಾರಿಹೋಗುವುದೆಂದು ಅನೇಕರು ನಂಬಿರುವರು. ಇದು ಭ್ರಾಂತಿ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಂತೆ, ಹಿಟ್ಟಿನಲ್ಲಿ ಬೆರೆತ ಮದ್ಯಸಾರದಲ್ಲಿ 15 ನಿಮಿಷ ಬೆಂದಾಗ ನೂರಕ್ಕೆ 40 ಭಾಗವೂ, ಒಂದು ಗಂಟೆ ಬೆಂದಾಗ 25 ಭಾಗವೂ ಉಳಿಯುವುದು. ಚಿಕ್ಕದೆಂದು ಮಗುವಿನ ಕೈಗೆ ಕೊಡುವ ಕಪ್ ಕೇಕು ಬೇಯುವ ಕಾಲ ಕಡಮೆಯಾದುದರಿಂದ ಅದರಲ್ಲಿಯೇ ಉಳಿಕೆಯ ಪ್ರಮಾಣ ಹೆಚ್ಚೆಂಬುದು ಗಮನಾರ್ಹ. ಬೇಯಿಸದೆ ಮೇಲೆ ಸವರುವ ಲೇಪದ ಮಾತಂತೂ ಹೇಳಬೇಕಾದುದೇ ಇಲ್ಲ.

ರುಚಿ ಅವರವರ ಇಷ್ಟ. ಆದರೆ ವ್ರತನಿಯಮದಿಂದಲೋ ವೈದ್ಯರ ಆಜ್ಞೆಯಿಂದಲೋ ಮದ್ಯವನ್ನು ವರ್ಜಿಸಿದ ಅತಿಥಿಗೆ ತಟ್ಟೆಯನ್ನಿಡುವ ಮೊದಲೇ ಸಂಗತಿಯನ್ನು ತಿಳಿಸುವುದು ಗೃಹಸ್ಥನ ಧರ್ಮ. ಮಕ್ಕಳಿಗಾದರೋ, ಐಯರ್‌ಲಿಕೋರಿನ ಬದಲು ಹಾಲು ಹೊಯ್ದು ಬೇರೆ ಅಚ್ಚಿನಲ್ಲಿ ಬೇಯಿಸುವುದೇ ಲೇಸು.