ಹೊಳೆಗೆ ಅಡ್ಡಲಾಗಿ ಉಳಿದಿರುವ ಮಣ್ಣಿನ ದಂಡೆ ತೆರವುಗೊಳಿಸುವಂತೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ, ಬೆಂಗಳೂರು
(ಮಾನ್ಯ ಜಿಲ್ಲಾಧಿಕಾರಿಗಳು, ಉಡುಪಿ ಜಿಲ್ಲೆ, ಇವರ ಮೂಲಕ)

ಇಂದ,
ಅಳಿವೆಯ ಪಚ್ಚಿಲೆ ಕೃಷಿಕರು ಹಾಗೂ ಮಳಿ (ಕಪ್ಪೆಚಿಪ್ಪು) ಹೆಕ್ಕುವ ಮಹಿಳೆಯರು,
ಕುಂದಾಪುರ ತಾಲೂಕು

ವಿಷಯ: ಕುದ್ರು ಸೇತುವೆ ಕಾಮಗಾರಿಗಾಗಿ ಹಾಕಿದ ತಾತ್ಕಾಲಿಕ ಮಣ್ಣಿನ ದಂಡೆಯಿಂದ ಉಬ್ಬರ ಇಳಿತದ ನೀರು ತಡೆಯಾಗಿ ಪಚ್ಚಿಲೆ ಕೃಷಿ ನಾಶವಾಗಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸೌಪರ್ಣಿಕಾ, ಚಕ್ರಾ, ವಾರಾಹಿ ಸೇರಿದಂತೆ ಐದು ಹೊಳೆಗಳು ಗಂಗೊಳ್ಳಿಯ ಬಳಿ ಕಡಲು ಸೇರುವ ಅಳಿವೆಯ ಒಂದು ಕವಲಿನಲ್ಲಿ ನಾವು ಪಚ್ಚಿಲೆ (ಹಸಿರು ಚಿಪ್ಪುಜೀವಿ) ಬೆಳೆಯುತ್ತಿದ್ದೇವೆ. ಹೊಳೆಯ ನಡುಗಡ್ಡೆಯಾದ ಕುದ್ರುವಿಗೆ ಸೇತುವೆ ಬೇಕೆಂದು ಕೇಳಿದವರೂ ನಾವೇ. ಸೇತುವೆ ಆಯಿತು, ವಾಹನಗಳೂ ಓಡಾಡುತ್ತಿವೆ. ಆದರೆ ಕಂಬ ಎಬ್ಬಿಸಲು ಲಾರಿ ಹೋಗಲೆಂದು ಹೊಳೆಗೆ ಅಡ್ಡ ಸುರಿದ ಕೆಂಪುಮಣ್ಣಿನ ದಂಡೆ ಮಾತ್ರ ಇಂದಿಗೂ ಅಲ್ಲೇ ಇದೆ.

1. ಮುಖ್ಯ ಅಹವಾಲು

ಕೆಲಸ ಮುಗಿದ ಕೂಡಲೇ ದಂಡೆ ತೆಗೆದು ಹೊಳೆಯ ತಳವನ್ನು ಮೊದಲಿನಂತೆ ಮಾಡಿಕೊಡಬೇಕೆಂಬುದು ಗುತ್ತಿಗೆಯ ಷರತ್ತು. ಮಾಹಿತಿ ಹಕ್ಕಿನಡಿ ಪಡೆದ ಅದರ ಪ್ರತಿ ಅನುಬಂಧ 1ರಲ್ಲಿದೆ. ದಂಡೆಯ ಅಡಿಯಲ್ಲಿ ನೀರು ಹೋಗಲೆಂದು ಇಟ್ಟ ಸಿಮೆಂಟ್ ಮೋರಿಗಳು ಕೆಸರು ತುಂಬಿ ಕಿರಿದಾಗಿವೆ. ಅವುಗಳ ಫೋಟೋಗಳು ಅನುಬಂಧ 2ರಲ್ಲಿವೆ.

ನಮ್ಮ ದೂರಿಗೆ ಕಾಮಗಾರಿ ನಡೆಸಿದ ಕಚೇರಿಯವರು ಸ್ಥಳಕ್ಕೆ ಬಂದಾಗ ಹೇಳಿದ್ದು ಒಂದೇ ಮಾತು: ‘ಹೊಳೆ ತುಂಬ ನೀರಿದೆಯಲ್ಲ, ನಿಮಗೇನು ತೊಂದರೆ?’ ನೀರಿದೆ, ಅದು ಓಡಾಡುತ್ತಿಲ್ಲ ಎಂಬುದೇ ನಮ್ಮ ತೊಂದರೆ. ಪಚ್ಚಿಲೆಗೆ ನಾವು ಮೇವು ಹಾಕುವುದಿಲ್ಲ. ಅದು ಇದ್ದಲ್ಲೇ ಇದ್ದು, ಹಾದುಹೋಗುವ ನೀರನ್ನು ಸೋಸಿ ಸೂಕ್ಷ್ಮ ಪಾಚಿ ತಿನ್ನುವ ಜೀವಿ. ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಬರುವ ಉಬ್ಬರ ಅದಕ್ಕೆ ಮೇವು, ಉಸಿರು ತರುತ್ತದೆ. ಇಳಿತ ಅದರ ಕೊಳೆ ಒಯ್ಯುತ್ತದೆ. ಈಗ ಉಬ್ಬರದ ನೀರು ಪೂರ್ತಿ ಒಳಗೆ ಬರುವ ಮೊದಲೇ ಹೊರಗೆ ಇಳಿತ ಶುರುವಾಗುತ್ತದೆ, ಒಳಗಿನದು ಪೂರ್ತಿ ಹೊರಹೋಗುವ ಮೊದಲೇ ಮತ್ತೆ ಉಬ್ಬರ. ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರವೇ ಸಣ್ಣದು. ಆಗ ಮೋರಿ ದಾಟಿದ ಸ್ವಲ್ಪ ನೀರೂ ಕಡಲು ಮುಟ್ಟದೆ ವಾಪಸ್ ಬರುತ್ತದೆ.

ಇದನ್ನು ತೋರಿಸಲು ದಂಡೆಯ ಎರಡೂ ಬದಿಯಲ್ಲಿ ಅಳತೆ ಕೋಲು ನೆಟ್ಟಿದ್ದೇವೆ. ಪೂರ್ಣ ಇಳಿತದಲ್ಲಿ ಹೊರಬದಿಯ ಕೋಲಿನ ಬುಡದಲ್ಲಿ ಕೆಸರು ಕಾಣುತ್ತದೆ, ಒಳಬದಿಯಲ್ಲಿ ಮೊಣಕಾಲೆತ್ತರ ನೀರು ನಿಂತಿರುತ್ತದೆ. ಒಂದೇ ಹೊತ್ತಿಗೆ ತೆಗೆದ ಎರಡೂ ಬದಿಯ ಫೋಟೋಗಳು ಅನುಬಂಧ 3ರಲ್ಲಿವೆ.

ಮಳೆಗಾಲ ಕಳೆದ ಮೇಲೆ ಕಡಲ ಬಂಡೆಯಿಂದ ತಂದ ಮರಿಗಳನ್ನು ಹಗ್ಗಕ್ಕೆ ಹೊಂದಿಸಿ, ಸೊಳ್ಳೆಪರದೆ ಬಟ್ಟೆ ಸುತ್ತಿ ಹೊಲಿದು, ಗಾಳಿಮರದ ಕಂಬಗಳ ಚಪ್ಪರಕ್ಕೆ ತೂಗುಬಿಟ್ಟಿದ್ದೆವು. ಮುಂಗಾರಿಗೆ ಮೊದಲು ಕೊಯ್ಲಾಗಬೇಕಿತ್ತು. ಬಿಸಿಲೇರಿದಂತೆ ತಳದ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರತೊಡಗಿತು. ಬೇಸಿಗೆಯ ಕೊನೆಯ ಗುಡುಗು ಮಳೆಗೆ ಗುಡ್ಡದಿಂದ ಇಳಿದ ಸಿಹಿನೀರು ಹೊರಹೋಗಲು ದಾರಿಯಿಲ್ಲದೆ ಚಪ್ಪರದ ಮೇಲೇ ನಿಂತಿತು. ಸುಮಾರು 27ರಿಂದ 35 ಪಿಪಿಟಿ ಉಪ್ಪಿನಂಶದ ನೀರಿನಲ್ಲಿ ಚೆನ್ನಾಗಿ ಬೆಳೆಯುವ ಪಚ್ಚಿಲೆ ಇದನ್ನು ತಾಳಲಿಲ್ಲ. ಹಗ್ಗ ಎತ್ತಿದರೆ ಹಿಡಿತದ ನಾರು ಸಡಿಲಗೊಂಡು ಗೊಂಚಲಿಗೆ ಗೊಂಚಲೇ ಕಳಚಿ ಬಿತ್ತು. ಉಳಿದ ಚಿಪ್ಪುಗಳು ಬಾಯ್ತೆರೆದಿದ್ದವು, ಒಳಗೆ ಮಾಂಸ ಕೊಳೆತಿತ್ತು. ದಂಡೆಯ ಹೊರಗೆ ಅದೇ ಮರಿ ಕಟ್ಟಿದ ಚಪ್ಪರಗಳು ಉಳಿದುಕೊಂಡವು. ಈ ನಾಶಕ್ಕೆ ರೋಗ ಕಾರಣ ಎನ್ನುವವರು ಈ ವ್ಯತ್ಯಾಸಕ್ಕೆ ಉತ್ತರ ಕೊಡಬೇಕು. ನಮ್ಮ ಗುಂಪುಗಳ ಸದಸ್ಯವಾರು ನಷ್ಟದ ವಿವರ ಅನುಬಂಧ 4ರಲ್ಲಿ, ಪಂಚಾಯತ್ ಸಮ್ಮುಖದ ಮಹಜರು ಅನುಬಂಧ 5ರಲ್ಲಿ ಇದೆ.

ಕಡಲ ನೀರಿನ ಸಹಜ ಹರಿವಿಗೆ ಅಡ್ಡಿ ಮಾಡುವ ಬಗ್ಗೆ 2019ರ ಸಿಆರ್‌ಝಡ್ ಅಧಿಸೂಚನೆ ಏನು ಹೇಳುತ್ತದೆ, ಕುಂದಾಪುರವನ್ನು ಅದು ಯಾವ ಪಟ್ಟಿಯಲ್ಲಿ ಇಟ್ಟಿದೆ, ಎಸ್‌ಡಬ್ಲ್ಯು-1 ವರ್ಗದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಾಗಬಾರದೆಂಬ ಮಾನದಂಡ ಯಾರಿಗಾಗಿ ಇದೆ ಎಂಬುದನ್ನು ತಮಗೆ ವಿವರಿಸಬೇಕಾಗಿಲ್ಲ. ಹಿಂದೆ ಸಂಬಂಧಪಟ್ಟ ಕಚೇರಿಗಳಿಗೆ ಕೊಟ್ಟ ಅರ್ಜಿಗಳ ಸ್ವೀಕೃತಿ ಪ್ರತಿಗಳು ಅನುಬಂಧ 6ರಲ್ಲಿವೆ. ಎಲ್ಲದರ ಮೇಲೂ ಮೊಹರು ಬಿದ್ದಿದೆ, ಒಂದಕ್ಕೂ ಲಿಖಿತ ಉತ್ತರ ಬಂದಿಲ್ಲ. ಹೊಳೆಯನ್ನೇ ನಂಬಿ ಬದುಕುವವರ ಅರ್ಜಿಗೆ ಎರಡು ಸಾಲು ಉತ್ತರ ಬರೆಯಲು ಆಗದಷ್ಟು ಕೆಲಸ ಯಾವ ಕಚೇರಿಯಲ್ಲೂ ಇರಲಾರದೆಂದು ನಮ್ಮ ಭಾವನೆ.

2. ಇತರ ಅಹವಾಲುಗಳು

ಅ) ಮೀನು ತ್ಯಾಜ್ಯ, ಪ್ಲಾಸ್ಟಿಕ್ ಚೀಲಗಳನ್ನು ಹೊಳೆಗೆ ಸುರಿಯುವುದು ಹೆಚ್ಚಾಗಿದೆ.
ಆ) ಕೆಸರು ಏರಿ ಮಳಿ ಹೆಕ್ಕುವ ಮರಳು ದಿಬ್ಬಗಳು ಹಾಳಾಗುತ್ತಿವೆ.
ಇ) ಕಡವಿನ ಬಳಿ ಬೀದಿದೀಪವಿಲ್ಲ. ನಸುಕಿನ ಇಳಿತಕ್ಕೆ ಹೋಗುವ ಹೆಂಗಸರಿಗೆ ಕಷ್ಟವಾಗಿದೆ.

3. ನಮ್ಮ ಬೇಡಿಕೆಗಳು

(1) ಹೊಸ ಮರಿ ಕಟ್ಟುವ ಕೆಲಸ ಶುರುವಾಗುವ ನವೆಂಬರ್‌ಗೆ ಮೊದಲು ದಂಡೆಯನ್ನು ಪೂರ್ತಿ ತೆಗೆಸಬೇಕು. ಮೇಲ್ಭಾಗ ಕೆರೆದು ಬುಡ ಉಳಿಸಿದರೆ ತೆಗೆದಂತಾಗುವುದಿಲ್ಲ. ಹೊಳೆಯ ಮೂಲ ಆಳ ಸಿಕ್ಕಿದೆಯೆಂದು ನಮ್ಮ ಪ್ರತಿನಿಧಿಗಳ ಎದುರು ಅಳೆದು ತೋರಿಸಬೇಕು. ಅದುವರೆಗೆ ಕಾಮಗಾರಿಯ ಅಂತಿಮ ಬಿಲ್ ಪಾವತಿಸಬಾರದು.

(2) ಅಷ್ಟರೊಳಗೆ ಮೋರಿಗಳ ಕೆಸರು ತೆಗೆಸಿ, ಹೊಳೆಯ ಆಳವಾದ ನಡುಭಾಗದಲ್ಲಿ ದಂಡೆ ಕಡಿದು ನೀರಿಗೆ ದಾರಿ ಮಾಡಬೇಕು.

(3) ಮಂಗಳೂರಿನ ಸಿಎಂಎಫ್‌ಆರ್‌ಐ ಕೇಂದ್ರ ಅಥವಾ ಮೀನುಗಾರಿಕಾ ಕಾಲೇಜಿನ ತಜ್ಞರಿಂದ ಹುಣ್ಣಿಮೆಯಿಂದ ಅಷ್ಟಮಿಯವರೆಗೆ ದಂಡೆಯ ಎರಡೂ ಬದಿಯಲ್ಲಿ ಹರಿವು, ಉಪ್ಪಿನಂಶ, ಆಮ್ಲಜನಕ ಅಳತೆ ಮಾಡಿಸಬೇಕು. ಒಂದು ದಿನ, ಒಂದು ಬಾಟಲಿ ನೀರು ಒಯ್ದು ವರದಿ ಬರೆಯಬಾರದು. ವರದಿಯನ್ನು ಕನ್ನಡದಲ್ಲಿ ಪಂಚಾಯತ್‌ಗೆ ಕೊಡಬೇಕು.

(4) ನಷ್ಟವನ್ನು ಗುತ್ತಿಗೆದಾರರ ಭದ್ರತಾ ಠೇವಣಿಯಿಂದ ವಸೂಲಿ ಮಾಡಿ ಕೃಷಿಕರಿಗೆ ಕೊಡಿಸಬೇಕು. ನಮ್ಮ ಸ್ವಸಹಾಯ ಗುಂಪುಗಳ ಸಾಲದ ಕಂತು ಮುಂದೂಡಿಸಬೇಕು.

(5) ಮತ್ಸ್ಯ ಸಂಪದಾ ಯೋಜನೆಯಲ್ಲಿ ಮಹಿಳೆಯರಿಗೆ ಶೇ. 60ರಷ್ಟು ಸಹಾಯಧನವಿದೆ. ಆದರೆ ಪಹಣಿ ಇಲ್ಲವೆಂದು ನಮ್ಮ ಕಡತಗಳು ವಾಪಸಾಗಿವೆ. ಹೊಳೆಯ ನೀರಿಗೆ ಪಹಣಿ ಎಲ್ಲಿಂದ ತರಬೇಕು? ನೀರಿನ ಜಾಗವನ್ನು ಗುಂಪುಗಳ ಹೆಸರಿಗೆ ಗುತ್ತಿಗೆ ಕೊಡುವ ಕ್ರಮ ಆಗಬೇಕು.

(6) ತೆಗೆದ ಮಣ್ಣನ್ನು ಕುದ್ರುವಿನ ಮೂಡು ಬದಿಯಲ್ಲಿ ಕೊರೆತಕ್ಕೆ ಸಿಕ್ಕಿರುವ, ನಮ್ಮ ಕೆಲವು ಸದಸ್ಯರದೇ ಆದ ತೆಂಗಿನ ತೋಟಗಳ ದಡಕ್ಕೆ ಹಾಕಿಸಬೇಕು. ಮಣ್ಣು ಸಾಗಿಸಲು ನಮ್ಮ ದೋಣಿಗಳಿಗೇ ಆದ್ಯತೆ ಕೊಡಬೇಕು.

(7) ದೋಣಿ ದಾರಿಗೆ ತಾಗಿವೆಯೆಂದು ನೋಟಿಸ್ ಪಡೆದ ಇಬ್ಬರು ಸದಸ್ಯರ ಚಪ್ಪರಗಳನ್ನು ಮುಂದಿನ ಕೊಯ್ಲಿನವರೆಗೆ ತೆಗೆಸಬಾರದು.

ಮಾನ್ಯರೇ, ಮೇಲಿನವುಗಳಲ್ಲಿ ಮೊದಲನೆಯದು ಆಗದಿದ್ದರೆ ಉಳಿದವು ಆಗಿಯೂ ಪ್ರಯೋಜನವಿಲ್ಲ. ಪರಿಹಾರದ ಹಣದಲ್ಲಿ ಮತ್ತೆ ಮರಿ ಕಟ್ಟಿದರೆ ಅದೇ ನಿಂತ ನೀರಿನಲ್ಲಿ ಸಾಯುತ್ತದೆ. ಆದ್ದರಿಂದ ತಾವು ಖುದ್ದಾಗಿ ಅಥವಾ ತಮ್ಮ ಅಧಿಕಾರಿಗಳ ಮೂಲಕ, ಇಳಿತದ ಹೊತ್ತಿಗೇ ಸ್ಥಳ ಪರಿಶೀಲನೆ ನಡೆಸಿ, ತೆರವಿನ ಆದೇಶವನ್ನು ದಿನಾಂಕ ಸಹಿತ ಹೊರಡಿಸಬೇಕೆಂದು ಕೋರುತ್ತೇವೆ. ನವೆಂಬರ್‌ ತಿಂಗಳಿಗೆ ಮೊದಲು ದಂಡೆ ಹೋಗದಿದ್ದರೆ ಇದೇ ದಾಖಲೆಗಳೊಂದಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಲು ನಮ್ಮ ಸಭೆಯಲ್ಲಿ ಒಮ್ಮತದ ತೀರ್ಮಾನವಾಗಿದೆ ಎಂಬುದನ್ನು ಗೌರವಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತೇವೆ.



ತಮ್ಮ ವಿಶ್ವಾಸಿಗಳು,
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ಮಾನ್ಯ ಶಾಸಕರಿಗೆ ಹಾಗೂ ಗ್ರಾಮ ಪಂಚಾಯತ್ ಅಧ್ಯಕ್ಷರಿಗೆ, ಮಾಹಿತಿಗಾಗಿ.